ಹೂಂ ಎನ್ನದ ಕಡೆ

"ಥೂ! ಇದೇನ್ರೇ ಇದು, ನಾಯಿ ಕಕ್ಕಿದ ಹಾಗಿದೆ!"

ಧಣಿ ಹೊದಿಕೆಯನ್ನು ಮುದ್ದೆ ಮಾಡಿ ನನ್ನ ಮುಖಕ್ಕೇ ಎಸೆದ. ಸೂಜಿ ಅದರಲ್ಲೇ ಇತ್ತು. ಕೆನ್ನೆ ಗೀರಿತು.

"ಕೆಂಪು ಎಲ್ಲಿ? ಪೇಟೆಯೋರು ಕೇಳೋದು ಆ ಕೆಂಪನ್ನ. ಈ ಮಾಸಲು ಬಟ್ಟೇನ ಯಾವ ಬೋಳಿಮಗ ತಗೋತಾನೆ? ಬೇರು ಎಲ್ಲಿ ಬಚ್ಚಿಟ್ಟಿದ್ದೀರಿ, ಹೇಳ್ರೇ!"

"ಬೇರು ಇನ್ನೂ ಎಳೆಯದು ಧಣಿ. ಈಗ ಕೀಳಬಾರದು," ಎಂದೆ.

"ಕೀಳಬಾರದಂತೆ! ನಿಮ್ಮಪ್ಪ ಬರೆದುಕೊಟ್ಟು ಹೋದ ಗುಡ್ಡನಾ ಅದು? ಮುಂಡೇವು, ಅನ್ನ ಹಾಕೋ ಕೈಗೇ..."

ಇನ್ನೂ ಏನೇನು ಬರುತ್ತಿತ್ತೋ, ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಧಣಿ ಬಗ್ಗಿ ಹೊದಿಕೆಯನ್ನು ತಾನೇ ಎತ್ತಿದ, ಧೂಳು ಕೊಡವಿದ, ಮಡಚಿ ನನ್ನ ಮಡಿಲಲ್ಲಿಟ್ಟ. "ಕೆನ್ನೆ ಒರೆಸ್ಕೊಳಮ್ಮಾ," ಎಂದ.

ಅಮ್ಮಾ! ಈ ಶೆಡ್ಡಿನಲ್ಲಿ ಸೂಜಿ ಹಿಡಿದೇ ನನ್ನ ತಲೆ ನರೆತಿದೆ. ಆ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು. ಬೈಯುವ ಧಣಿಗೆ ನಾನು ಹೆದರಿದವಳಲ್ಲ. ಬೈಗುಳ ನಮಗೆ ಗಾಳಿ ಬೆಳಕಿನ ಹಾಗೆ ಅಭ್ಯಾಸವಾಗಿತ್ತು. ಆದರೆ ಆವತ್ತು ಅವನು ನಕ್ಕಾಗ ಹೆದರಿದೆ.

ಕಾರಿನಿಂದ ಇಳಿದವಳು ಯಾವುದೋ ಸಂಗ್ರಹಾಲಯದ ಮೇಡಂ. ಹತ್ತಿಬಟ್ಟೆ, ಮೃದುವಾದ ಮಾತು, ಕೈಯಲ್ಲಿ ದನಿ ಹಿಡಿಯುವ ಪುಟ್ಟ ಯಂತ್ರ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದಳು. ಅದನ್ನು ಕಂಡೂ ನನಗೆ ಅನುಮಾನವೇ ಆಯಿತು. ನಮ್ಮ ಶೆಡ್ಡಿಗೆ ಯಾರು ಚಪ್ಪಲಿ ಬಿಟ್ಟು ಬರುತ್ತಾರೆ?

"ನಿಮ್ಮ ಕಥೆ, ನಿಮ್ಮ ಹೊಲಿಗೆ, ಇವೆಲ್ಲ ಉಳೀಬೇಕು ಅಂತ ನಮ್ಮಾಸೆ," ಎಂದಳು ಮೇಡಂ. "ಇವನ್ನೆಲ್ಲ ಸಂರಕ್ಷಣೆ ಮಾಡ್ಬೇಕು."

ಮೂಲೆಯಲ್ಲಿ ದಾರ ಪೋಣಿಸುತ್ತಿದ್ದ ಕಥೆಯಜ್ಜಿ ತಲೆಯೆತ್ತಲಿಲ್ಲ. "ಯಾಕವ್ವಾ, ಭರಣೀಲಿ ಹಾಕಿಡೋಕೆ ಕಥೆ ಏನು ಉಪ್ಪಿನಕಾಯಿನಾ?"

ನಾವೆಲ್ಲ ಬಾಯಿಗೆ ಸೆರಗಿಟ್ಟುಕೊಂಡು ನಕ್ಕೆವು. ಮೇಡಂ ಕೂಡ ನಕ್ಕಳು. ಧಣಿ ಮಾತ್ರ ನಗಲಿಲ್ಲ, ಅಜ್ಜಿಯನ್ನೇ ನೋಡುತ್ತಿದ್ದ.

ಅವನು ಹಾಗೆ ನೋಡುವುದಕ್ಕೆ ಕಾರಣವಿತ್ತು. ಅವನು ಹುಟ್ಟಿದಾಗ ತಾಯಿಗೆ ಹಾಲು ಬರಲಿಲ್ಲ. ಆಗ ತಾನೇ ತನ್ನ ಕೂಸನ್ನು ಮಣ್ಣಿಗಿಟ್ಟು ಬಂದಿದ್ದ ಅಜ್ಜಿಯ ಎದೆಗೆ ಅವನನ್ನು ಹಾಕಿದರು. ನಡೆಯುವಷ್ಟಾಗುವವರೆಗೂ ಅವನು ಮಲಗಿದ್ದು ಈ ಶೆಡ್ಡಿನ ತೊಲೆಗೆ ಕಟ್ಟಿದ ಜೋಲಿಯಲ್ಲಿ, ನಮ್ಮ ಕಥೆ ಕೇಳಿಕೊಂಡು. ಆಮೇಲೆ ದೊಡ್ಡ ಶಾಲೆಗೆ ಹೋದ, ದೊಡ್ಡವನಾದ, ಧಣಿಯಾದ. ಅಜ್ಜಿಯ ಎದೆ ಆ ಬಾಯಿಗೆ ಆಗಿತ್ತು, ಅಜ್ಜಿಯ ಲೋಟ ಆಗಲಿಲ್ಲ. ನಮ್ಮ ಲೋಟಗಳು ಇವತ್ತಿಗೂ ಹೊರಗೋಡೆಯ ಮೊಳೆಗಳಿಗೇ ನೇತಾಡುತ್ತವೆ. ಆವತ್ತು ಚಹಾ ಬಂದಾಗ ಮೇಡಂ ಅದನ್ನು ಕಂಡು, "ಇವರ ಲೋಟ ಯಾಕೆ ಹೊರಗಿವೆ?" ಎಂದು ಕೇಳಿದಳು.

"ಅವರಿಗೆ ಅವರ ಲೋಟಾನೇ ಅಭ್ಯಾಸ ಮೇಡಂ," ಎಂದ ಧಣಿ, ನಾಚಿಕೆಯೇ ಇಲ್ಲದೆ.

ನಮ್ಮ ಕೆಲಸದ ರೀತಿ ಹೀಗೆ. ನಡುವೆ ದೊಡ್ಡ ಬಟ್ಟೆ ಹರಡಿ ಸುತ್ತ ಕೂರುತ್ತೇವೆ. ಅಜ್ಜಿ ಕಥೆ ಶುರು ಮಾಡುತ್ತಾಳೆ. ಒಂದು ಮಾತು ಹೇಳಿ ಉಸಿರು ತೆಗೆದುಕೊಂಡಾಗ ನಾವು "ಹೂಂ" ಎನ್ನುತ್ತೇವೆ, ಹೂಂ ಎಂದಾಗ ಸೂಜಿ ಎಳೆಯುತ್ತೇವೆ. ಹೂಂ ಇಲ್ಲದೆ ಹೊಲಿಗೆ ಮುಂದೆ ಹೋಗುವುದಿಲ್ಲ. ಬಾಯಿ ಕೈ ಎರಡಕ್ಕೂ ಅದೇ ತಾಳ. ನನ್ನ ತಾಯಿಯೂ ಹೀಗೇ ಕಲಿತಳು, ಅವಳ ತಾಯಿಯೂ.

ಕಥೆಗಳಲ್ಲಿ ಹಿರಿಯದು ಓಡಿಹೋದ ಮದುಮಗಳದು. ಮುದಿ ಗಂಡನನ್ನು ಬಿಟ್ಟು ಗುಡ್ಡ ಹತ್ತಿದವಳು. ಅವಳ ಅಂಗಾಲಿನ ರಕ್ತ ಬಿದ್ದಲ್ಲಿ ಕೆಂಪು ಬೇರಿನ ಗಿಡ ಹುಟ್ಟಿತಂತೆ. ಅವಳು ಯಾವ ಬಂಡೆಯ ಹತ್ತಿರ ಅತ್ತಳು, ಎಲ್ಲಿ ತಿರುಗಿದಳು, ಯಾವ ಒರತೆಯಲ್ಲಿ ಕಾಲು ತೊಳೆದಳು, ಎಲ್ಲವೂ ಕಥೆಯಲ್ಲಿದೆ, ಹೊಲಿಗೆಯಲ್ಲೂ ಇದೆ. ಗಿಡವನ್ನು ಹೇಗೆ ಕೇಳಿ ಕೀಳಬೇಕು ಎಂಬುದೂ ಇದೆ. ಒಂದು ಕಿತ್ತರೆ ಎರಡು ಬಿಡು, ಕಿತ್ತ ಕುಳಿಗೆ ಬೀಜ ಹಾಕಿ ಮುಚ್ಚು, ಒರತೆಯ ದಂಡೆಯದನ್ನು ಮಾತ್ರ ಎಂದೆಂದಿಗೂ ಮುಟ್ಟಬೇಡ. ಆ ಬೇರುಗಳೇ ದಂಡೆಯ ಮಣ್ಣನ್ನು ಹಿಡಿದಿರುವುದು. ಅವು ಹೋದರೆ ಒರತೆ ಹೂತುಹೋಗುತ್ತದೆ. ನಮ್ಮ ಕೇರಿಯ ನಲ್ಲಿಗೆ ಬರುವ ನೀರು ಅದೇ.

ಪೇಟೆಯ ಬಣ್ಣದ ಕಂಪನಿಯವರು ಆ ಬೇರಿಗಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದಾರೆಂದು ನಮಗೆ ಗೊತ್ತಿತ್ತು. ಧಣಿ ನಮ್ಮ ಹಿಂದೆ ಆಳು ಬಿಟ್ಟಿದ್ದ. ನಾವು ಸೌದೆಗೆ ಹೋದಂತೆ ಮಾಡಿ ಆ ಆಳನ್ನು ಮುಳ್ಳುಪೊದೆಗಳಲ್ಲೆಲ್ಲ ಸುತ್ತಿಸಿ, ಪಂಚೆ ಹರಿಸಿ ಕಳಿಸಿದ್ದೆವು. ಈಗ ಮೇಡಂ ಬಂದು ಕೇಳುತ್ತಿರುವುದೂ ಮದುಮಗಳ ಕಥೆಯನ್ನೇ.

"ನಾಳೆ ಕಥೆ ಹೇಳಿ. ಇಲ್ಲಾಂದ್ರೆ ನಾಡಿದ್ದು ಶೆಡ್ಡಿಗೆ ಬೀಗ," ಎಂದ ಧಣಿ, ಮೇಡಂ ಕಾರು ಹತ್ತಿದ ಮೇಲೆ.

ಸಂಜೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಮಾತಾಡಿಕೊಂಡೆವು. "ಹೇಳೋಣ. ಆದ್ರೆ ದಾರಿ ತಪ್ಪಿಸಿ ಹೇಳ್ತೀನಿ," ಎಂದಳು ಅಜ್ಜಿ. "ಸೀಳುಬಂಡೆ ಹತ್ರ ಬಲಕ್ಕೆ ತಿರುಗಿದೋಳನ್ನ ಎಡಕ್ಕೆ ಕಳಿಸ್ತೀನಿ. ಹೋಗಿ ಕಲ್ಲುಕ್ವಾರಿ ಅಗೀಲಿ ಬಡ್ಡಿಮಕ್ಕಳು."

"ನಿನ್ನ ಸೊಸೆಗೆ ಹೇಳಬೇಡ," ಎಂದರು ಎಲ್ಲರೂ ನನಗೆ.

ಅವರು ಹೇಳಬೇಕಾಗಿಯೇ ಇರಲಿಲ್ಲ. ನನ್ನ ಸೊಸೆಗೆ ಓದು ಬರುತ್ತದೆಂದು ಮೇಡಂ ಆವತ್ತೇ ಅವಳನ್ನು ತನ್ನ ಸಹಾಯಕ್ಕೆ ಇಟ್ಟುಕೊಂಡಿದ್ದಳು, ಪಕ್ಕದಲ್ಲಿ ಕುರ್ಚಿ ಹಾಕಿಸಿದ್ದಳು. ಧಣಿಯೆದುರು ನಮ್ಮ ಪೈಕಿ ಯಾರೂ ಕುರ್ಚಿಯಲ್ಲಿ ಕೂತವರಲ್ಲ. ಕುರ್ಚಿಯ ಮೇಲೆ ಕೂತ ಸೊಸೆಯನ್ನು ನಾನು ನೆಲದಿಂದ ನೋಡಿದ್ದೆ. ಹೊಟ್ಟೆಕಿಚ್ಚೋ ಅನುಮಾನವೋ, ಎರಡೂ ಒಂದೇ ಒಲೆಯಲ್ಲಿ ಬೇಯುತ್ತವೆ. ಮನೆಯಲ್ಲಿ ಅವಳು "ಏನತ್ತೆ, ನಲ್ಲಿ ಹತ್ರ ಅಷ್ಟು ಹೊತ್ತು?" ಎಂದಾಗ, "ನೀರು ಸಣ್ಣಗೆ ಬರ್ತಿತ್ತು," ಎಂದೆ.

ಮರುದಿನ ಯಂತ್ರದ ಕೆಂಪು ದೀಪ ಹತ್ತಿತು. ಸೊಸೆ ಅದನ್ನು ಹಿಡಿದು ಅಜ್ಜಿಯ ಮುಂದೆ ಕೂತಳು. ಧಣಿ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದ್ದ. ನಿದ್ದೆ ಎಂದುಕೊಂಡೆವು.

"ಹೊಸಿಲು ದಾಟಿದ್ಲು," ಎಂದಳು ಅಜ್ಜಿ.

"ಹೂಂ."

"ಹಿಂದೆ ನೋಡಲಿಲ್ಲ."

"ಹೂಂ."

"ಒಂಟಿಮರದ ಕೆಳಗೆ ಬಳೆ ಒಡೆದ್ಲು."

"ಹೂಂ."

ಸೂಜಿಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಅಜ್ಜಿಯ ದನಿ ಎಲ್ಲೂ ನಡುಗಲಿಲ್ಲ. "ಸೀಳುಬಂಡೆ ಹತ್ರ ಬಂದ್ಲು. ಎಡಕ್ಕೆ ತಿರುಗಿದ್ಲು."

ಸುಮ್ಮನೆ.

"ಇಳಿಜಾರು ಹಿಡಿದು ಕೆಳಗೆ ಹೋದ್ಲು."

ಸುಮ್ಮನೆ. ನನ್ನ ಸೂಜಿ ಬಟ್ಟೆಯ ಮೇಲೇ ನಿಂತಿತ್ತು. ಅದು ಯಾಕೆ ನಿಂತಿತೆಂದು ನಾನು ಯೋಚಿಸಲಿಲ್ಲ. "ಒರತೇಲಿ ಕಾಲು ತೊಳೆದ್ಲು," ಎಂದಾಗ ಎಲ್ಲರೂ ಒಟ್ಟಿಗೆ "ಹೂಂ" ಎಂದೆವು, ದಾರ ಎಳೆದೆವು, ಕಥೆ ಮುಂದೆ ಸಾಗಿತು. ಮುಗಿದಾಗ ಮೇಡಂ ಕಣ್ಣೊರೆಸಿಕೊಂಡಳು. ಧಣಿ ಕಣ್ಣು ತೆರೆದು ಅಜ್ಜಿಯ ಕಡೆ ನೋಡಿ ನಕ್ಕ. ಚೆನ್ನಾಗಿ ಮೋಸ ಹೋದ ಎಂದು ನಾವೂ ಒಳಗೊಳಗೇ ನಕ್ಕೆವು.

ಆಮೇಲೆ ಒಂದು ವಾರವೂ ಕಳೆದಿರಲಿಲ್ಲ, ನಲ್ಲಿಯಲ್ಲಿ ಕೆಂಪು ನೀರು ಬಂತು.

ಅಜ್ಜಿಯೂ ನಾನೂ ಗುಡ್ಡ ಹತ್ತಿದೆವು. ಸೀಳುಬಂಡೆಯ ಬಲಕ್ಕೆ, ಏರು ಹಿಡಿದು ಮೇಲಕ್ಕೆ, ಲಾರಿಯ ಗಾಲಿಯ ಗುರುತಿತ್ತು. ಒರತೆಯ ಸುತ್ತ ಬರೀ ಗುಂಡಿಗಳು. ಎಳೆಯದು, ಬಲಿತದ್ದು, ದಂಡೆಯದ್ದು, ಏನನ್ನೂ ಬಿಟ್ಟಿರಲಿಲ್ಲ. ಮಣ್ಣು ಕುಸಿದು ನೀರಿಗೆ ಬಿದ್ದಿತ್ತು. ಅಜ್ಜಿ ಒಂದು ಗುಂಡಿಯ ಬದಿಯಲ್ಲಿ ಕೂತು ಕೈ ಹಾಕಿ ತಡಕಿದಳು. ತುಂಡು ಬೇರೂ ಸಿಗಲಿಲ್ಲ.

"ನಿನ್ನ ಸೊಸೆ," ಎಂದಳು.

ನಾನು ದಡದಡ ಇಳಿದು ಬಂದೆ. ಸೊಸೆ ಬಾಗಿಲಲ್ಲಿ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಜುಟ್ಟು ಹಿಡಿದೆಳೆದು ಕೆನ್ನೆಗೆ ಬಾರಿಸಿದೆ. "ಮನೆಹಾಳಿ! ಒಂದು ಕುರ್ಚಿಗೋಸ್ಕರ ಒರತೆ ಮಾರಿಬಿಟ್ಯಲ್ಲೇ, ಹಡಬೆ!"

ಕೇರಿಯ ಹೆಂಗಸರೆಲ್ಲ ಸೇರಿದರು. ಯಾರೂ ಬಿಡಿಸಲಿಲ್ಲ. ಸೊಸೆ ಅಳಲೂ ಇಲ್ಲ. ಮುಖ ಒರೆಸಿಕೊಂಡು ಒಳಗಿನಿಂದ ಫೋನು ತಂದಳು. "ನಿಮ್ಮ ದನಿ ನೀವೇ ಕೇಳಿ ಅಂತ ಮೇಡಂ ಇದಕ್ಕೂ ಹಾಕಿಕೊಟ್ಟಿದ್ದಾರೆ. ಕೇಳಿ."

ಅಜ್ಜಿಯ ದನಿ ಬಂತು. ಹೊಸಿಲು, ಹೂಂ. ಬಳೆ, ಹೂಂ. ಎಡಕ್ಕೆ ತಿರುಗಿದ್ಲು ಎಂದಾಗ ಫೋನಿನಲ್ಲಿ ಬರೀ ಫ್ಯಾನಿನ ಸದ್ದು. ಕೆಳಗೆ ಹೋದ್ಲು, ಮತ್ತೆ ಫ್ಯಾನು. ಒರತೆ, ಹೂಂ.

ಹುಟ್ಟಿದಾಗಿನಿಂದ ಕೇಳಿದ ಕಥೆಯದು. ಅಜ್ಜಿಯ ನಾಲಿಗೆ ಸುಳ್ಳು ಹೇಳಿತ್ತು, ನಮ್ಮ ಬಾಯಿ ಅದಕ್ಕೆ ಹೂಂ ಎಂದಿರಲಿಲ್ಲ. ಜೋಲಿಯಲ್ಲಿ ಮಲಗಿ ಆ ಹೂಂ ಕೇಳುತ್ತಲೇ ನಿದ್ದೆಹೋಗುತ್ತಿದ್ದವನು ಬಾಗಿಲಿಗೆ ಒರಗಿ ಕೇಳಿಸಿಕೊಂಡದ್ದು ಕಥೆಯನ್ನಲ್ಲ, ನಾವು ಹೂಂ ಎನ್ನದ ಆ ಎರಡು ಕಡೆಯನ್ನು.

"ನನ್ನ ಬಿಟ್ಟು ಮಾತಾಡ್ಕೊಂಡ್ರಿ," ಎಂದಳು ಸೊಸೆ. "ನೀವು ಸುಮ್ಮನಾದಾಗ ಮರೆತ್ರೇನೋ ಅನ್ಕೊಂಡೆ. ಒಂದು ಮಾತು ಹೇಳಿದ್ರೆ ಆ ಎರಡು ಕಡೇನೂ ನಾನೊಬ್ಳೇ ಜೋರಾಗಿ ಹೂಂ ಅಂತಿದ್ದೆ ಅತ್ತೆ."

ನನ್ನ ಕೈ ಇನ್ನೂ ಉರಿಯುತ್ತಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಧಣಿಗೆ ಸನ್ಮಾನವೆಂದು ಸುದ್ದಿ ಬಂತು. ಕಲೆಯನ್ನೂ ಕಾಡನ್ನೂ ಕಾಪಾಡಿದವನೆಂದು! ಅವನ ಹೆಗಲಿಗೆ ಹೊದಿಸುವ ಶಾಲನ್ನು ನಾವೇ ಹೊಲಿಯಬೇಕಂತೆ. ಅಂಗಡಿಯ ಕೆಂಪು ದಾರದ ಉಂಡೆಗಳನ್ನು ತಂದು ನಮ್ಮ ಮುಂದೆ ಸುರಿದ.

"ಧಣಿ, ಈ ದಾರ ಬಣ್ಣ ಬಿಡುತ್ತೆ," ಎಂದೆ.

"ಮುಚ್ಕೊಂಡು ಹೊಲಿ."

ಅಂಗಡಿ ದಾರವನ್ನು ಉಪ್ಪುನೀರಿನಲ್ಲಿ ನೆನೆಹಾಕಿದರೆ ಬಣ್ಣ ಒಂದಿಷ್ಟು ಹಿಡಿದುಕೊಳ್ಳುತ್ತದೆ. ಆ ಸಲ ಯಾರೂ ನೆನೆಹಾಕಲಿಲ್ಲ. ಹಾಕಬೇಡಿ ಎಂದು ಯಾರೂ ಯಾರಿಗೂ ಹೇಳಲೂ ಇಲ್ಲ.

ಸನ್ಮಾನದ ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಧಗೆಯೋ ಧಗೆ. ವೇದಿಕೆಯ ಒಂದು ಬದಿಯಲ್ಲಿ ನಮಗೆ ಚಾಪೆ ಹಾಕಿ, ಬಟ್ಟೆ ಹರಡಿ, ಹೊಲಿಯುತ್ತಾ ಕೂರಲು ಹೇಳಿದ್ದರು, ಮದುವೆಮನೆಯ ಅಲಂಕಾರದ ಹಾಗೆ. ಸೊಸೆ ಆವತ್ತು ಕುರ್ಚಿ ಬೇಡವೆಂದು ನನ್ನ ಪಕ್ಕ ಕೂತಿದ್ದಳು. ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಬಿಳಿ ಅಂಗಿಯ ಧಣಿಗೆ ಶಾಲು ಹೊದಿಸಿದರು, ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಧಣಿಯ ಮುದಿತಾಯಿ ಕೂತಿದ್ದಳು. ನಮ್ಮ ಶೆಡ್ಡಿಗೆ ಒರಗಿದ ಕೋಣೆ ಅವಳದು. ಗೋಡೆಯಾಚೆ ಕೆಮ್ಮಿನ ಸದ್ದು ಕೇಳಿ ಗೊತ್ತಿತ್ತೇ ಹೊರತು ಮುಖವನ್ನು ನಾವು ನೋಡಿದ್ದು ಕಡಿಮೆ.

ಧಣಿ ಬಗ್ಗಿ ಅಜ್ಜಿಯ ಕಿವಿಯಲ್ಲಿ, "ಎರಡೇ ಎರಡು ಮಾತು ಹೇಳಿ ಬಾಯಿ ಮುಚ್ಕೋಬೇಕು," ಎಂದ. ಮೇಡಂ ಮೈಕನ್ನು ಅಜ್ಜಿಯ ಮುಂದಿಟ್ಟಳು.

"ಒಂದು ಊರಲ್ಲಿ ಒಂದು ಗಂಡುಕೂಸು ಹುಟ್ತು," ಎಂದಳು ಅಜ್ಜಿ.

ನಮಗೆ ಗೊತ್ತಿಲ್ಲದ ಕಥೆ. ಆದರೂ ಸೂಜಿ ತಾನಾಗಿ ಎದ್ದಿತು. "ಹೂಂ."

"ಕೂಲಿಯೋಳ ಎದೆಹಾಲು ಕುಡೀತು."

"ಹೂಂ."

"ಹಾಲು ಕೊಟ್ಟೋಳ ಲೋಟ ಇನ್ನೂ ಹೊರಗಡೆ ಮೊಳೇಲಿದೆ."

"ಹೂಂ!"

ಧಣಿ ಕೈಸನ್ನೆ ಮಾಡಿದ, ಮೈಕು ಸತ್ತಿತು. ಅಜ್ಜಿ ದನಿ ಎತ್ತರಿಸಿದಳು. ಹೊಲಿಯುವ ಹೆಂಗಸರ ಹೂಂಗೆ ಮೈಕು ಯಾಕೆ ಬೇಕು? "ಆ ಕೂಸು ದೊಡ್ಡದಾಯ್ತು. ಒರತೆ ದಂಡೆಯ ಬೇರನ್ನೆಲ್ಲ ಕಿತ್ತು ಲಾರಿಗೆ ತುಂಬ್ತು."

"ಹೂಂ!"

"ಸುಳ್ಳು!" ಧಣಿ ಎದ್ದು ನಿಂತು ಕೂಗಿದ. "ಮುದುಕಿಗೆ ಅರಳುಮರಳು! ನಾನು ಒಂದು ಬೇರೂ ಮುಟ್ಟಿಲ್ಲ!"

ನಮ್ಮ ಸೂಜಿಗಳು ನಿಂತವು. ಯಾರೂ ಹೂಂ ಎನ್ನಲಿಲ್ಲ.

ಅವನು ನಮ್ಮ ಕಡೆ ನೋಡಿದ. ಆ ಮೌನದ ಅರ್ಥ ಸಭಾಂಗಣದಲ್ಲಿ ನಮ್ಮನ್ನು ಬಿಟ್ಟರೆ ತಿಳಿದಿದ್ದುದು ಅವನೊಬ್ಬನಿಗೇ. ಅವನ ಹಣೆಯಿಂದ, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಶಾಲಿನ ಅಂಚಿನ ಕೆಳಗೆ ಬಿಳಿ ಕಾಲರು ಕೆಂಪಾಗತೊಡಗಿತು. ಒರೆಸಿಕೊಂಡ, ಕೈಗೂ ಹತ್ತಿತು. ಕೈಯನ್ನು ಅಂಗಿಗೆ ಉಜ್ಜಿದ. ಶಾಲನ್ನು ಕಿತ್ತೆಸೆದ. ಆಗ ಎರಡೂ ಹೆಗಲು ಎಲ್ಲರಿಗೂ ಕಂಡವು.

"ಎಳೆದು ಹಾಕ್ರೋ ಇವರನ್ನ!" ಎಂದು ಅರಚಿದ. ಇಬ್ಬರು ಆಳುಗಳು ವೇದಿಕೆ ಹತ್ತಿದರು. ಸೊಸೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಮೇಡಂ ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಯಂತ್ರದ ದೀಪ ಉರಿಯುತ್ತಲೇ ಇತ್ತು. ಅದನ್ನು ಅವಳು ನಮಗಾಗಿ ಉರಿಸಿದ್ದಳೋ ತನಗಾಗಿಯೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೆಮ್ಮು ಕೇಳಿಸಿತು. ಧಣಿಯ ತಾಯಿ ಕೋಲೂರಿ ಎದ್ದು ನಿಂತಿದ್ದಳು. ಆಳುಗಳು ನಿಂತಲ್ಲೇ ನಿಂತರು. ಮುದುಕಿ ಮಗನ ಕೆಂಪು ಹೆಗಲನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಆಮೇಲೆ?" ಎಂದಳು.

ಅಜ್ಜಿ ಸೂಜಿಗೆ ಹೊಸ ದಾರ ಪೋಣಿಸಿದಳು.