ಹಪ್ಪಳ ಕಂಪನಿಯ ಮಹಿಳಾ ವರದಿ

ಕುಂಬ್ರದ ಹಲಸಿನ ಹಪ್ಪಳ ಕಂಪನಿಯ ಆಡಳಿತ ಮಂಡಳಿಯಲ್ಲಿ ಆರು ಗಂಡಸರೂ ಒಬ್ಬರು ಪಂಕಜಾಕ್ಷಿಯೂ ಇದ್ದರು. ಹಪ್ಪಳ ಕೊಳ್ಳುವ ಬೆಂಗಳೂರಿನ ದೊಡ್ಡ ಕಂಪನಿ ಮಹಿಳಾ ನಿರ್ದೇಶಕಿ ಬೇಕೇ ಬೇಕೆಂದು ಹಟ ಹಿಡಿದದ್ದರಿಂದ ಅವರನ್ನು ಸೇರಿಸಿಕೊಂಡಿದ್ದರು. ಫೋಟೊದಲ್ಲಿ ಮಧ್ಯೆ ನಿಲ್ಲುವುದು, ತೋರಿಸಿದಲ್ಲಿ ಸಹಿ ಹಾಕುವುದು ಅವರ ಕೆಲಸ. ಎರಡನ್ನೂ ಚೆನ್ನಾಗಿ ಮಾಡುತ್ತಾರೆಂದು ಅಧ್ಯಕ್ಷ ಮೇದಪ್ಪ ಎಲ್ಲರೆದುರು ಹೊಗಳುತ್ತಿದ್ದರು.

ಈ ವರ್ಷ ಬೆಂಗಳೂರಿನವರು ಹೊಸದೊಂದು ವರದಿ ಕೇಳಿದರು: ನಿಮ್ಮಲ್ಲಿ ಹೆಂಗಸರಿಗೆ ಏನೇನು ಅನುಕೂಲವಿದೆ? ಮೇದಪ್ಪ ಚಹಾ ಆರುವ ಮೊದಲೇ ತುಂಬಿಸಿ ಮುಗಿಸಿದರು. ಪಂಕಜಾಕ್ಷಿ ಸಹಿ ಹಾಕುವ ಮೊದಲು ಅದನ್ನು ಓದಿದರು. ಮಂಡಳಿಯಲ್ಲಿ ಹಿಂದೆ ಯಾರೂ ಹಾಗೆ ಮಾಡಿರಲಿಲ್ಲ.

“ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಉಂಟು ಅಂತ ಬರ್ದಿದ್ದೀರಿ. ಎಲ್ಲುಂಟು ಮೇದಪ್ಪಣ್ಣ?”

“ಇಲ್ಲೇ ಉಂಟಲ್ಲ” ಎಂದು ಮೇದಪ್ಪ ತಮ್ಮ ಕುರ್ಚಿಯ ಹಿಂದಿನ ಬಾಗಿಲು ತೋರಿಸಿದರು. ಇಡೀ ಕಟ್ಟಡಕ್ಕೆ ಇದ್ದದ್ದು ಅದೊಂದೇ. “ಬರ್ಬೇಡಿ ಅಂತ ಯಾರೂ ಹೇಳ್ಲಿಲ್ಲ.”

ಅದು ನಿಜ. ಬನ್ನಿ ಎಂದೂ ಯಾರೂ ಹೇಳಿರಲಿಲ್ಲ.

ಪಂಕಜಾಕ್ಷಿ ಎದ್ದು ಹಪ್ಪಳ ಒತ್ತುವಲ್ಲಿಗೆ ಹೋಗಿ, ಅಲ್ಲಿ ಕೆಲಸಕ್ಕಿದ್ದ ಮೋಕ್ಷಿತಾಳನ್ನು ನೀವೆಲ್ಲ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರು. ಚೊಚ್ಚಲ ಬಸುರಿಯಾದ ಅವಳು ಕೈ ನಿಲ್ಲಿಸದೆ ಹೇಳಿದಳು: “ನಾವು ನೀರೇ ಕುಡಿಯುದಿಲ್ಲ ಅಕ್ಕ. ಕುಡಿದ್ರೆ ಹೋಗ್ಬೇಕಾಗ್ತದಲ್ಲ. ಡಾಕ್ಟ್ರು ಬೈತಾರೆ.”

ಪಂಕಜಾಕ್ಷಿಗೆ ಮೈಯೆಲ್ಲ ಉರಿಯಿತು. ಈ ಹುಡುಗಿಯ ಹೆಸರಿನಲ್ಲಿ ತಾನು ನಗುತ್ತ ಫೋಟೊಗೆ ನಿಂತೆನಲ್ಲ ಎಂದು ನಾಚಿಕೆಯೂ ಆಯಿತು.

“ಹೆಂಗಸರಿಗೆ ಬೇರೆಯೇ ಒಂದು ಕಟ್ಟಿಸುವ” ಎಂದರು, ವಾಪಸು ಬಂದು.

“ಉಂಟು ಅಂತ ಬರ್ದಾಗಿದೆ. ಇನ್ನು ಕಟ್ಟಿಸಿದ್ರೆ ವರದಿ ಸುಳ್ಳಾಗುದಿಲ್ವಾ ಮಾರಾಯ್ರೆ?” ಎಂದರು ಮೇದಪ್ಪ. ಉಳಿದ ಐವರೂ ತಲೆಯಾಡಿಸಿದರು.

ವರದಿ ಸುಳ್ಳಾಗಬಾರದು ಎಂಬುದನ್ನು ಪಂಕಜಾಕ್ಷಿಯೂ ಒಪ್ಪಿದರು. ಸಹಿ ಹಾಕಿದರು. ಮರುದಿನ ಅಧ್ಯಕ್ಷರ ಕುರ್ಚಿಯನ್ನು ಕಿಟಕಿಯ ಬದಿಗೆ ಸರಿಸಿ, ಆ ಬಾಗಿಲಿಗೆ ‘ಮಹಿಳೆಯರಿಗೆ ಮಾತ್ರ’ ಎಂದು ಬೋರ್ಡು ಹೊಡೆಸಿ, ಬೀಗದ ಕೈಯನ್ನು ಮೋಕ್ಷಿತಾಳಿಗೆ ಕೊಟ್ಟರು. ಆ ದಿನ ಹಪ್ಪಳ ಒತ್ತುವಲ್ಲಿ ನೀರಿನ ಕೊಡ ಎರಡು ಸಲ ಖಾಲಿಯಾಯಿತು.

ಮುಂದಿನ ಸಭೆಯ ನಡುವೆ ಮೇದಪ್ಪ ಎದ್ದರು. ಬೋರ್ಡು ಓದಿ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಎದ್ದರು. ಸಕ್ಕರೆ ಕಾಯಿಲೆಯ ಮನುಷ್ಯ.

“ಎಂತ ಅಕ್ಕ ಇದು? ನಾವೆಲ್ಲಿಗೆ ಹೋಗುದು?”

ಪಂಕಜಾಕ್ಷಿ ವರದಿಯ ಪ್ರತಿ ತೆಗೆದು ಒಂದೊಂದೇ ಪುಟ ನಿಧಾನವಾಗಿ ತಿರುವಿದರು.

“ಗಂಡಸರದ್ದು ಇದ್ರಲ್ಲಿ ಕೇಳ್ಲೇ ಇಲ್ಲ ಮೇದಪ್ಪಣ್ಣ.”

ಇನ್ನೊಂದು ಶೌಚಾಲಯ ಕಟ್ಟಿಸುವ ನಿರ್ಣಯವನ್ನು ಮೇದಪ್ಪ ನಿಂತುಕೊಂಡೇ ಮಂಡಿಸಿದರು. ಚರ್ಚೆಗೆ ಸಮಯವಿಲ್ಲ ಎಂದರು.