ಹಸಿರು ಬಳಿದ ಬೀದಿ

ಟ್ಯಾಮ್ಸಿನ್ ಮಾತಿಲ್ಲದೆ ಕುರ್ಚಿ ಹಾಕುತ್ತಿದ್ದಳು. ಊರ ಸಭಾಭವನದ ಮಡಚು ಕುರ್ಚಿಗಳನ್ನು ಸದ್ದಾಗದಂತೆ ಒಂದೊಂದಾಗಿ ಬಿಡಿಸಿ, ಸಾಲಿಗೆ ಎಂಟರಂತೆ ಜೋಡಿಸಿದಳು. ಭವನ ಗುಡಿಸಿ ಬೀಗ ಹಾಕುವುದು ಅವಳ ಕೆಲಸ. ಕೈ ಇಲ್ಲಿದ್ದರೂ ಜೀವವೆಲ್ಲ ಮನೆಯಲ್ಲಿತ್ತು. ಅಲ್ಲಿ ಅಜ್ಜಿ ಲವ್‌ಡೇ ಒಬ್ಬಳೇ. ಮೂಗಿಗೆ ಆಮ್ಲಜನಕದ ನಳಿಕೆ, ದಿಂಬಿನಡಿ ಸಿಗರೇಟು.

ಇಂಗ್ಲೆಂಡಿನ ಪಶ್ಚಿಮದಂಚಿನ ಆ ಬಂದರೂರಿಗೆ ಅಗ್ನಿಶಾಮಕ ದಳದವರು ಹೊಸ ಯೋಜನೆ ತಂದಿದ್ದರು. ಊರವರನ್ನು ಕೇಳದೆ ಅದು ಜಾರಿಯಾಗುವಂತಿರಲಿಲ್ಲ. ಪಟ್ಟಣದಿಂದ ಬಂದ ಅಧಿಕಾರಿ ಮೆರಿಯಲ್ ಪ್ರೌಸ್ ಗೋಡೆಗೆ ನಕ್ಷೆ ತೂಗುಹಾಕಿದರು. ಬೆಂಕಿಯ ಅಪಾಯ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ಹಸಿರು. ಬಂದರಿನ ಹಿಂದಿನ ಟ್ಯಾಮ್ಸಿನ್‌ಳ ಬೀದಿ ಪೂರಾ ಹಸಿರು.

"ಈ ಬೀದಿಯ ಹತ್ತೊಂಬತ್ತು ಮನೇನೂ ನಾವೇ ಬಂದು ನೋಡಿದೀವಿ. ಒಂದರಲ್ಲೂ ತೊಂದರೆ ಕಾಣ್ಲಿಲ್ಲ. ಅದಕ್ಕೇ ಇಲ್ಲಿಯ ಫೈರ್ ಎಂಜಿನ್ನನ್ನ ಕೆಂಪಿರೋ ಕಡೆ ಕಳಿಸೋಣ ಅಂತ. ಕರೆ ಬಂದ್ರೆ ಪಟ್ಟಣದ ಎಂಜಿನ್ ಹದಿನೇಳೇ ನಿಮಿಷಕ್ಕೆ ಇಲ್ಲಿರುತ್ತೆ," ಎಂದರು ಮೆರಿಯಲ್.

"ದಾರೀಲಿ ಮುಂದೊಂದು ಟ್ರ್ಯಾಕ್ಟರ್ ಸಿಕ್ಕಿದ್ರೆ ನಮ್ಮ ತಿಥಿ ಊಟಕ್ಕೆ ಬರ್ತೀರಿ ಬಿಡಿ ಮೇಡಂ," ಎಂದ ಮೀನುಗಾರ ಡೆನ್ಜಿಲ್. ಜನ ಗೊಳ್ಳೆಂದರು.

ಜೇಗೊ ಮಾತ್ರ ನಗಲಿಲ್ಲ. ಅವನು ಊರ ಕಟುಕ. ಬೆಂಕಿ ಬಿತ್ತೆಂದು ಕರೆ ಬಂದರೆ ಕತ್ತಿ ಬಿಟ್ಟು ಓಡಿ ಎಂಜಿನ್ ಹತ್ತುವವನು. "ನಾವು ಆರು ನಿಮಿಷಕ್ಕೆ ಬಾಗಿಲಲ್ಲಿರ್ತೀವಿ. ಆ ಹಳೇ ಮನೆಗಳು ಹತ್ಕೊಂಡ್ರೆ ಆ ಆರು ನಿಮಿಷಾನೇ ಹೆಚ್ಚು."

"ಕಂಡಿದ್ದನ್ನ ಬರ್ಕೋತೀವಿ ಜೇಗೊ. ಕಾಣದ್ದನ್ನ ಹೆಂಗೆ ಬರೀಲಿ?"

ಆ ಹಸಿರು ಹೇಗೆ ಬಂತೆಂದು ಟ್ಯಾಮ್ಸಿನ್‌ಗೆ ಗೊತ್ತಿತ್ತು. ಮಂಗಳವಾರ ಬರುತ್ತೇವೆಂದು ದಳದವರು ಮೊದಲೇ ಕಾಗದ ಹಾಕಿದ್ದರು. ಪರರು ಹೊಸ್ತಿಲು ತುಳಿಯುತ್ತಾರೆಂದರೆ ಮನೆ ಥಳಥಳ ಹೊಳೆಯಬೇಕು, ಅದು ಬೀದಿಯ ಮರ್ಯಾದೆ. ಡೆನ್ಜಿಲ್ ಅಡುಗೆಮನೆಯ ಪೆಟ್ರೋಲ್ ಡಬ್ಬಗಳನ್ನು ದೋಣಿಗೆ ಸಾಗಿಸಿದ. ಪಕ್ಕದ ಮನೆಯ ಜೆನಿಫರ್ ಮೆಟ್ಟಿಲ ಮೇಲಿನ ಹಳೇ ಪತ್ರಿಕೆಗಳ ರಾಶಿಯನ್ನು ತಂಗಿಯ ಮನೆಗೆ ಹೊತ್ತಳು. ಟ್ಯಾಮ್ಸಿನ್ ಸುಟ್ಟ ತೂತುಗಳ ಕಂಬಳಿ ಬಚ್ಚಿಟ್ಟು, ಬೆಳಗಿನಿಂದ ಕಿಟಕಿ ತೆರೆದಿಟ್ಟಳು. ಬಂದವರು ಕೇಸರಿ ಬನ್ನು ತಿಂದು, ಚಹಾ ಕುಡಿದು, ಚೊಕ್ಕ ಮನೆ ಎಂದು ಬರೆದುಕೊಂಡು ಹೋದರು.

"ಒಂದು ಕಪ್ಪು ಚುಕ್ಕೆ ತೋರ್ಸೋಕಾಯ್ತಾ ಅವ್ರಿಗೆ?" ಎಂದು ಬೀಗಿದ ಅಜ್ಜಿ ಮರುಗಳಿಗೆಯಲ್ಲೇ ಕಡ್ಡಿ ಗೀರಿದ್ದಳು. "ನಾನು ಸೇದ್ತೀನಂತ ಯಾರಿಗಾದ್ರೂ ಬಾಯಿಬಿಟ್ಟೆಯೋ, ಈ ಗಾಳಿ ಪೆಟ್ಟಿಗೇನೇ ಕಿತ್ಕೊಂಡು ಹೋಗ್ತಾರೆ. ಆಮೇಲೆ ನೀನೇ ಊದು ನನ್ನ ಮೂಗಿಗೆ."

ಹೇಳಿದರೆ ಅಜ್ಜಿಯ ಉಸಿರು ಹೋಗುತ್ತದೆ. ಹೇಳದಿದ್ದರೆ ಎಂಜಿನ್ ಹೋಗುತ್ತದೆ. ಟ್ಯಾಮ್ಸಿನ್ ಗಡಿಯಾರ ನೋಡಿದಳು. ನಾಲ್ಕೂವರೆ. ಅಜ್ಜಿಯ ಚಹಾ ಮುಗಿದಿರುತ್ತದೆ. ಚಹಾ ಆದಮೇಲೆ ಒಂದು ಸೇದದೆ ಅವಳಿಗೆ ಆಗದು.

"ಇನ್ಯಾರಾದ್ರೂ ಮಾತಾಡೋರಿದೀರಾ?" ಮೆರಿಯಲ್ ಕಾಗದ ಜೋಡಿಸತೊಡಗಿದರು.

ಟ್ಯಾಮ್ಸಿನ್ ಎದ್ದು ನಿಂತಳು.

"ಅರೆ, ಈ ಕೂಸಿಗೂ ಬಾಯಿದೆಯಾ!" ಎಂದ ಡೆನ್ಜಿಲ್. ಜೆನಿಫರ್ ಅವಳ ತೋಳು ಹಿಡಿದೆಳೆದಳು.

"ನಮ್ಮ ಬೀದಿಗೆ ಇನ್ನೊಂದ್ಸಲ ಬನ್ನಿ," ಎಂದಳು ಟ್ಯಾಮ್ಸಿನ್. "ಕಾಗದ ಹಾಕ್ದೆ ಬನ್ನಿ."

ಮೆರಿಯಲ್ ಅರ್ಥವಾಗದೆ ಜನರತ್ತ ನೋಡಿದರು. ಉಳಿದ ಹದಿನೆಂಟು ಮನೆಯವರೂ ತಲೆ ತಗ್ಗಿಸಿ ಕೂತಿದ್ದರು. ಜೇಗೊ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದ.

"ಈಗ್ಲೇ ಬನ್ನಿ, ಮೇಡಂ," ಎಂದಳು ಟ್ಯಾಮ್ಸಿನ್, ಗಡಿಯಾರ ನೋಡುತ್ತ.