ಮರದ ಅಲಗು

"ನಿನ್ನ ಎದೆ ಮೇಲೆ ಅಂಗಡಿ ಚಾಕು ಇಡೋಕೆ ಬಿಡಲ್ಲ ಕಣೋ, ನನ್ನ ಕೈಯಾರೆ ಬಡಿದ ಕತ್ತೀನೇ ಇಡ್ತೀನಿ" ಎಂದು ಗೆನ್ಸಾಕು ತೊಕುಜಿಗೆ ಮಾತು ಕೊಟ್ಟು ಮೂವತ್ತೊಂದು ವರ್ಷವಾಗಿತ್ತು. ಈಗ ಅವನು ತೊಕುಜಿಯ ಶವಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿ, ಚಾಪೆಯ ಮೇಲಿದ್ದ ಜರಿಚೀಲದ ಗಂಟು ಬಿಚ್ಚುತ್ತಿದ್ದ. ಎಪ್ಪತ್ತೆಂಟರ ಬೆರಳಿಗೆ ಗಂಟು ಜಗ್ಗುತ್ತಿರಲಿಲ್ಲ.

"ಕೊಡಿ ಮಾವ, ನಾನು ಬಿಚ್ತೀನಿ" ಎಂದಳು ಸೊಸೆ ಚಿಹಾರು. ಬೆಳಿಗ್ಗೆ ಮಾವನ ಫೋನ್ ಬಂದೊಡನೆ ಬೆಟ್ಟದ ಮೇಲಿನ ಮನೆಯಿಂದ ಕತ್ತಿಯನ್ನು ಕಾರಿನಲ್ಲಿ ತಂದವಳು ಅವಳೇ.

"ಕತ್ತಿ ಏನು ಎದ್ದು ಓಡಿಹೋಗ್ತಿತ್ತಾ, ಇಷ್ಟು ಬಿಗಿದಿದ್ದೀಯಲ್ಲ!"

ತೊಕುಜಿಯ ಹೆಂಡತಿ ಸೆತ್ಸು ಅತ್ತ ಕಣ್ಣಲ್ಲೇ ನಕ್ಕಳು. ಗಂಡನ ಎದೆಯ ಮೇಲೆ ಎರಡು ದಿನದಿಂದ ಇದ್ದ ಚಾಕುವನ್ನು ಅವಳು ಆಗಲೇ ತೆಗೆದು ಪಕ್ಕಕ್ಕಿಟ್ಟಿದ್ದಳು. ಸತ್ತವನ ದಾರಿಗೆ ದೆವ್ವಪಿಶಾಚಿ ಅಡ್ಡ ಬರದಿರಲೆಂದು ಅಂತ್ಯಕ್ರಿಯೆಯ ಅಂಗಡಿಯವರು ಇಡುವ ಚಾಕು ಅದು. ಹಲಗೆಯ ತುಂಡಿಗೆ ಬೆಳ್ಳಿಕಾಗದ ಸುತ್ತಿದ್ದು.

"ಇವರು ಯಾರ ಮನೆ ಸಾವಿಗೆ ಹೋದ್ರೂ ಇದನ್ನ ನೋಡಿ ತುಟಿ ಕಚ್ಕೊಳ್ತಿದ್ರು, ಗೆನ್ಸಾಕಣ್ಣ. ತೋಫು ಕೂಡ ಕುಯ್ಯಲ್ಲ, ದೆವ್ವಾನ ಏನು ಹೆದರಿಸುತ್ತೆ ಅಂತ."

ಗಂಟು ಬಿಚ್ಚಿತು. ಚೀಲ ಜಾರಿದೊಡನೆ ಸುತ್ತ ಕೂತವರು ಕತ್ತು ಉದ್ದ ಮಾಡಿದರು. ಕಪ್ಪು ಅರಗಿನ ಒರೆ, ಮಳೆನಿಂತ ಹೊಂಡದಷ್ಟು ಆಳವಾದ ಕಪ್ಪು. ಹಿಡಿಗೆ ತೊರಕೆ ಮೀನಿನ ಬಿಳಿ ಚರ್ಮ, ಅದರ ಕಾಳುಕಾಳು ಕಾಣುವಂತೆ ಮೇಲೆ ನೀಲಿ ರೇಷ್ಮೆಪಟ್ಟಿಯ ಹೆಣಿಗೆ. ಹೆಣಿಗೆಯಡಿ ಆಚೆಗೊಂದು ಈಚೆಗೊಂದು ಚಿನ್ನದ ಏಡಿ. ಕಡ್ಡಿಯಂಥ ಒಂದು ಕಾಲು ಮಾತ್ರ ಪಟ್ಟಿಯ ಸಂದಿನಿಂದ ಹೊರಗೆ ಚಾಚಿತ್ತು.

"ಅಬ್ಬಾ! ತೊಕುಜಿ ಪುಣ್ಯವಂತ" ಎಂದರು ಹಿಂದಿನಿಂದ ಯಾರೋ.

ಗೆನ್ಸಾಕು ಎರಡೂ ಕೈಯಲ್ಲಿ ಎತ್ತಿಕೊಂಡ. ಎತ್ತಿದ ಕೈಗೆ ಮೊದಲು ಗೊತ್ತಾಯಿತು, ಉಕ್ಕಿನ ಭಾರವಿಲ್ಲ. ನಿಧಾನವಾಗಿ ಒರೆಯಿಂದ ಎಳೆದ. ಹೊರಗೆ ಬಂದದ್ದು ಮರ.

"ಪಕ್ಕದಲ್ಲಿ ಇನ್ನೊಂದಿತ್ತಲ್ಲ, ಚಿಹಾರು. ಬಿಳಿ ಮರದ್ದು."

"ಅದಾ? ಅದಿನ್ನೂ ಅರ್ಧ ಕೆಲಸ ಆಗಿರೋದು ಅಂದ್ಕೊಂಡೆ ಮಾವ. ಬಣ್ಣ ಇಲ್ಲ, ದಾರ ಇಲ್ಲ, ಒಂದು ಕೋಲಿದ್ದ ಹಾಗಿತ್ತು."

"ಕತ್ತಿ ಮಲಗಿರೋದು ಅದರಲ್ಲೇ, ತಾಯಿ. ಇದು ಬರೀ ಅದರ ಹಬ್ಬದ ಬಟ್ಟೆ. ಹಿಡಿ, ಒರೆ ಬಿಡಿಬಿಡಿ ಆಗದಿರಲಿ ಅಂತ ಒಳಗೆ ಮರದ ಅಲಗು ಇಡೋದು."

ಚಿಹಾರು ಬಾಯಿಗೆ ಕೈ ಅಡ್ಡ ಹಿಡಿದಳು. ಮದುವೆಯಾಗಿ ಬಂದು ನಾಲ್ಕು ವರ್ಷವಾದರೂ ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕತ್ತಿಯ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಎಲ್ಲರೂ ತಿಳಿದಿದ್ದರು.

"ಈಗಲೇ ಹೋಗಿ ತರ್ತೀನಿ" ಎಂದು ಎದ್ದಳು.

ಬಿಳಿ ಕೈಗವಸು ತೊಟ್ಟ ಅಂತ್ಯಕ್ರಿಯೆಯವನು ಗಡಿಯಾರ ನೋಡಿದ. ಹತ್ತೂಕಾಲು. ಶವದ ಗಾಡಿ ಹನ್ನೊಂದಕ್ಕೆ ಹೊರಡಬೇಕು. ಬೆಟ್ಟಕ್ಕೆ ಹೋಗಿಬರಲು ಒಂದೂವರೆ ಗಂಟೆ.

"ಫೋನ್ ಮಾಡಿ ಕೇಳ್ತೀನಿ. ಮೂರು ಗಂಟೆಗೆ ಚಿತಾಗಾರ ಖಾಲಿ ಸಿಕ್ರೂ ಸಿಗಬಹುದು" ಎಂದ.

"ಕೇಳಪ್ಪ" ಎಂದಳು ಸೆತ್ಸು. "ಸ್ವಾಮಿಗಳು ಇನ್ನೊಂದು ಸೂತ್ರ ಓದ್ಲಿ. ಹೋಗೋರಿಗೇನೂ ಅವಸರ ಇಲ್ಲ. ಜೀವಮಾನದಲ್ಲಿ ಒಂದು ಕೆಲಸಾನಾದ್ರೂ ಹೇಳಿದ ದಿನ ಮುಗಿಸಿ ಕೊಟ್ಟೋರಲ್ಲ."

ಎಲ್ಲರೂ ಗೆನ್ಸಾಕುವಿನ ಮುಖ ನೋಡಿದರು. ಅವನು ಕೈಯಲ್ಲಿದ್ದ ಮರವನ್ನು ನೋಡುತ್ತಿದ್ದ.

*

ಮೂವತ್ತೊಂದು ವರ್ಷದ ಹಿಂದೆ, ಗೆನ್ಸಾಕು ಬಡಿದ ಆ ಕಿರುಗತ್ತಿಗೆ ಒರೆ ಕೆತ್ತುವ ಕಸುಬಿನ ತೊಕುಜಿ ಎರಡು ಒರೆ ಮಾಡಬೇಕಿತ್ತು, ಮಲಗಲು ಒಂದು, ಮೆರೆಯಲು ಒಂದು. ಗೆನ್ಸಾಕು ನಾಲ್ಕನೆಯ ಸಲ ವಿಚಾರಿಸಲು ಹೋದಾಗ ಅವನು ಹಲಗೆಯ ಮೇಲೆ ಅನ್ನದ ಅಗುಳನ್ನು ಬಿದಿರಿನ ಕಡ್ಡಿಯಿಂದ ಅರೆಯುತ್ತ ಕೂತಿದ್ದ.

"ಇನ್ನೂ ಗಂಜಿ ಅರೀತಾ ಇದ್ದೀಯಾ? ಒಳ್ಳೇ ಗೋಂದು ಅಂಗಡೀಲಿ ಸಿಗುತ್ತಲ್ಲೋ."

"ಒಳ್ಳೇ ಗೋಂದು ಬಿಡಲ್ಲ. ಐವತ್ತು ವರ್ಷ ಆದ್ಮೇಲೆ ಈ ಒರೇನ ಸೀಳಿ ಒಳಗಿನ ತುಕ್ಕು ಒರೆಸಬೇಕು. ಅನ್ನದ ಅಂಟಾದ್ರೆ ಹೇಳಿದ ಮಾತು ಕೇಳುತ್ತೆ."

"ಸೀಳಿದೋನಿಗೆ ಗೊತ್ತಾಗ್ಲಿ, ಒಳಗೆ ನಿನ್ನ ಹೆಸರು ಬರಿ."

"ಒಳಗೆ ನೋಡಿದೋನು ಬೈಯ್ಯೋದು ಗ್ಯಾರಂಟಿ. ಈಗಾದ್ರೆ ಸುಮ್ನೆ ಬೈತಾನೆ. ಹೆಸರಿದ್ರೆ ಹೆಸರು ಹಿಡಿದು ಬೈತಾನೆ."

ಇಬ್ಬರೂ ನಕ್ಕರು. ಕಿಟಕಿಯ ಬಳಿ ಇನ್ನೊಂದು ತುಂಡು ಮರ ಅರ್ಧ ಕೆತ್ತಿ ಕೂತಿತ್ತು. ಹಬ್ಬದ ಬಟ್ಟೆಯೊಳಗೆ ಹೋಗುವ ಮರದ ಅಲಗು. ಅದಕ್ಕೇ ತೊಕುಜಿ ಹತ್ತು ದಿನ ಕೂತಿದ್ದಾನೆಂದು ಸೆತ್ಸು ಚಹಾ ತಂದಿಟ್ಟು ದೂರು ಹೇಳಿದಳು.

"ಚಪ್ಪಟೆ ಮಾಡಿ ತುರುಕು, ಸಾಕು. ಅದನ್ನ ಯಾರು ನೋಡ್ತಾರೋ?" ಎಂದ ಗೆನ್ಸಾಕು.

ತೊಕುಜಿ ತಲೆ ತಗ್ಗಿಸಿದ. ಅನ್ನ ಅರೆಯುತ್ತ ಹೋದ. ಅವನನ್ನು ನೋಯಿಸಿದೆನೇನೋ ಎಂದುಕೊಂಡು, ಅಂದು ಸಂಜೆ ಎರಡು ಬಟ್ಟಲು ಅಕ್ಕಿಮದ್ಯ ಇಳಿದ ಮೇಲೆ, ಗೆನ್ಸಾಕು ಆ ಮಾತು ಕೊಟ್ಟದ್ದು.

*

ಮೂವತ್ತೊಂದು ವರ್ಷದಲ್ಲಿ ಗೆನ್ಸಾಕು ಉಕ್ಕಿನ ಅಲಗನ್ನು ಎಷ್ಟೋ ಜನಕ್ಕೆ ತೋರಿಸಿದ್ದ. ಈ ಒರೆಯನ್ನೂ ತೋರಿಸಿದ್ದ. ಮರವನ್ನು ಒಮ್ಮೆಯೂ ಹೊರಗೆ ಎಳೆದಿರಲಿಲ್ಲ.

ಈಗ ನೋಡಿದರೆ ಮರದ ಬೆನ್ನಿನ ಇಳಿಜಾರು ಅವನ ಕತ್ತಿಯದೇ. ಉಕ್ಕಿನ ತುದಿ ಸಣ್ಣಗಾಗುವಲ್ಲಿ ಸುತ್ತಿಗೆ ಒಂದು ಪೆಟ್ಟು ಹೆಚ್ಚಾಗಿ ಬಿದ್ದು ಕೂದಲೆಳೆಯಷ್ಟು ತಗ್ಗಾಗಿತ್ತು. ಅದು ಅವನಿಗೊಬ್ಬನಿಗೇ ಗೊತ್ತೆಂದು ನಂಬಿದ್ದ ತಪ್ಪು. ಮರದಲ್ಲೂ ಆ ತಗ್ಗು ಇತ್ತು.

ಊಟದ ತಟ್ಟೆಯಿಂದ ಒಂದು ಕಡ್ಡಿ ತೆಗೆದುಕೊಂಡು ಹಿಡಿಯ ಬಿದಿರುಗೂಟವನ್ನು ಒತ್ತಿ ತಳ್ಳಿದ. ಮರ ಕಳಚಿ ಬಂತು. ಹಿಡಿಯೊಳಗೆ ಅಡಗಿದ್ದ ಬುಡದ ಮೇಲೆ ಅರದ ಓರೆಗೆರೆಗಳನ್ನು ಕೂಡ ಗೆನ್ಸಾಕು ಹಾಕುವಂತೆಯೇ, ಎಡದಿಂದ ಬಲಕ್ಕೆ ಇಳಿಸಿ, ತೊಕುಜಿ ಕೆತ್ತಿದ್ದ. ಉಕ್ಕಿನಲ್ಲಿ ಗೆನ್ಸಾಕುವಿನ ಹೆಸರಿರುವ ಜಾಗದಲ್ಲಿ ಮಾತ್ರ ಗೆರೆಯೂ ಇಲ್ಲ. ನುಣ್ಣಗೆ ಖಾಲಿ ಬಿಟ್ಟಿದ್ದ.

"ಮೂರು ಗಂಟೆಗೆ ಸಿಗುತ್ತಂತೆ" ಎಂದ ಅಂತ್ಯಕ್ರಿಯೆಯವನು, ಫೋನ್ ಕೆಳಗಿಳಿಸಿ. ಚಿಹಾರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಯಾಗಿತ್ತು.

"ಬೇಡ. ಕೀಲಿ ಒಳಗಿಡು. ಆ ಬಾಗಿಲ ಹತ್ರ ಬಂದೋರ ಹೆಸರು ಬರೆಸ್ಕೊಳ್ತಾರಲ್ಲ, ಆ ಕುಂಚ ತಾ" ಎಂದ ಗೆನ್ಸಾಕು.

ಅವಳು ಕುಂಚವನ್ನೂ ಮಸಿಯನ್ನೂ ತಂದಳು. ಸಾವಿನ ಮನೆಯ ಮಸಿ, ಕಣ್ಣೀರು ಬಿದ್ದು ತೆಳುವಾದಂತೆ ನೀರು ಬೆರೆಸಿದ್ದು. ಜೀವನವಿಡೀ ಉಳಿಯಿಂದ ತನ್ನ ಹೆಸರನ್ನೇ ಕೊರೆದ ಕೈ ಈಗ ಆ ಖಾಲಿ ಜಾಗದಲ್ಲಿ 'ತೊಕುಜಿ' ಎಂದು ಬರೆಯಿತು. ಬೂದು ಅಕ್ಷರವನ್ನು ಮರ ಕುಡಿಯಿತು. ಅಂಚು ಸ್ವಲ್ಪ ಹರಡಿತು.

"ಹೆಸರು ಹಿಡಿದು ಬೈದ್ರೆ?" ಎಂದಳು ಸೆತ್ಸು, ಮೂಗು ಒರೆಸಿಕೊಳ್ಳುತ್ತ.

"ಬೈಯ್ಲಿ. ದೆವ್ವಗಳಿಗೂ ಗೊತ್ತಾಗ್ಲಿ."

ಬಿಳಿ ಬಟ್ಟೆ ಉಟ್ಟು ಮಲಗಿದ್ದ ತೊಕುಜಿಯ ಎದೆಯ ಮೇಲೆ ಅದನ್ನು ಇಟ್ಟ, ಬುಡ ಗಲ್ಲದ ಕಡೆಗೆ, ತುದಿ ಕಾಲಿನ ಕಡೆಗೆ.

"ಮರದ್ದಾದ್ರೆ ಒಳಗೇ ಇರ್ಲಿ, ಉರಿಯುತ್ತೆ. ಕಬ್ಬಿಣ ಆಗಿದ್ರೆ ಮುಚ್ಚೋ ಮುಂಚೆ ವಾಪಸ್ ತಗೋಬೇಕಿತ್ತು" ಎಂದು ಅಂತ್ಯಕ್ರಿಯೆಯವನು ಮುಚ್ಚಳ ಎಳೆದ. ಗಾಡಿ ಹನ್ನೊಂದಕ್ಕೆ ಸರಿಯಾಗಿ ಹೊರಟಿತು.

ಮಧ್ಯಾಹ್ನ ಚಿತಾಗಾರದಲ್ಲಿ ಪದ್ಧತಿಯಂತೆ ಇಬ್ಬಿಬ್ಬರು ನಿಂತು ಉದ್ದ ಕಡ್ಡಿಗಳಿಂದ ಬೂದಿಯೊಳಗಿನ ಮೂಳೆ ಆರಿಸಿದರು. ಎದೆಯ ಮೂಳೆಗಳ ನಡುವೆ ಮರದ ಗುರುತೇ ಇರಲಿಲ್ಲ. ಉಕ್ಕಿನ ಕತ್ತಿ ಬೆಟ್ಟದ ಮನೆಯ ಕಪಾಟಿನಲ್ಲಿ ಮಲಗಿತ್ತು. ಅದನ್ನು ಎದೆಯ ಮೇಲೆ ಇಡುತ್ತೇನೆಂದು ಕೊಟ್ಟ ಮಾತನ್ನು ಗೆನ್ಸಾಕು ನಡೆಸಲಿಲ್ಲ.